ಬೇಗಂ ಸಾಹೇಬರ ಕೆಂಡ

ಚಿಂಚೋಳಿ ಕಡೆಯ ಒಂದು ದೊಡ್ಡ ಕೆರೆಯ ನಡುಗಡ್ಡೆಯಲ್ಲಿ ನಮ್ಮದೊಂದು ಬೇಸಿಗೆ ಮನೆ ಇದೆ. ಗಾಲಿ ಇರುವ ಯಾವುದೂ ಅಲ್ಲಿಗೆ ಹೋಗುವುದಿಲ್ಲ. ಶಹಾಬಾದಿನಿಂದ ವಾಡಿ, ಅಲ್ಲಿ ರೈಲು ಬದಲಿಸಿ ಚಿತ್ತಾಪುರ ದಾಟಿ ಸೇಡಂ, ಸೇಡಂನಿಂದ ಎತ್ತಿನ ಗಾಡಿಯಲ್ಲಿ ಸುಲೇಪೇಟ ಹಾದು ಕೆರೆಯ ಏರಿ. ಏರಿಯ ಮೇಲೆ ಗಾಡಿ ನಿಂತರೆ ಮುಂದೆ ಪುಟ್ಟಿಯೇ ಗತಿ. ಚರ್ಮ ಹೊದಿಸಿದ ದುಂಡನೆಯ ದೋಣಿ ಅದು. ಪುಟ್ಟಿ ಎಷ್ಟು ಸಲ ದಾಟಿತು, ಯಾವುದರಲ್ಲಿ ಜೋಳ, ಯಾವುದರಲ್ಲಿ ಹಾಸಿಗೆ ಎಂದು ನಾನು ಪ್ರತಿ ಬೇಸಿಗೆ ಬರೆದಿಟ್ಟಿದ್ದೇನೆ. ಮೊದಲ ಮೂರು ಬೇಸಿಗೆಯ ಪಟ್ಟಿಯಲ್ಲಿ ಮೂರು ಒಲೆಗಲ್ಲುಗಳೂ ಇವೆ. ಮನೆಯೊಳಗೆ ಒಳ್ಳೆಯ ಒಲೆ ಇದ್ದರೂ ಅವ್ವ ಹೊರಗೆ ಬೇವಿನ ಮರದ ಕೆಳಗೆ ಕಲ್ಲು ಹೂಡಿ ಅಡುಗೆ ಮಾಡುತ್ತಿದ್ದಳು.

ಅಪ್ಪನದು ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲಿನ ವ್ಯಾಪಾರ. ಒಬ್ಬ ಜಾಗೀರದಾರರ ವಿಧವೆಯಿಂದ ಅವನು ಈ ಮನೆ ಕೊಂಡಿದ್ದ. ಎಲ್ಲರೂ ಅವರನ್ನು ಬೇಗಂ ಸಾಹೇಬ ಎನ್ನುತ್ತಿದ್ದರು. ನಮ್ಮ ಅವ್ವನ ತವರಿನಲ್ಲಿ ಒಂದು ಪದ್ಧತಿ: ಬೇರೆಯವರು ಬಾಳಿದ ಮನೆಗೆ ಹೋದರೆ, ಅಲ್ಲಿ ಮೊದಲು ಬಾಳಿದ ಹೆಂಗಸು ತನ್ನ ಕೈಯಾರೆ ಕೆಂಡ ಕೊಡಬೇಕು. ಆ ಕೆಂಡದಿಂದಲೇ ಒಲೆ ಹೊತ್ತಬೇಕು.

"ಕಾಗದ ನಿಮಗ ಕೊಟ್ಟಾರ," ಎನ್ನುತ್ತಿದ್ದಳು ಅವ್ವ, "ನನಗ ಕೆಂಡ ಕೊಟ್ಟಿಲ್ಲ."

"ಬಾಯಿ ಬಿಟ್ಟು ಕೇಳು," ಎನ್ನುತ್ತಿದ್ದ ಅಪ್ಪ.

"ಕೇಳಿ ಇಸಕೊಂಡ್ರ ಭಿಕ್ಷಾ ಆಗ್ತದರಿ."

ಪುಟ್ಟಿ ನಡೆಸುವ ಅಂಬಿಗನಿಗೆ ಇದೊಂದು ತಮಾಷೆ. "ಸಾವಕಾರ್ರಿ, ಮನಿ ಅಷ್ಟೇ ಕೊಂಡ್ರಿ. ಒಲಿ ಕೊಳ್ಳೋದು ಮರತ್ರೇನ್ರಿ?" ಎನ್ನುತ್ತಿದ್ದ.

ಮನೆ ಮಾರುವಾಗ ಬೇಗಂ ಸಾಹೇಬರು ಒಂದು ಮಾತು ತೆಗೆದುಕೊಂಡಿದ್ದರು: ಪ್ರತಿ ಬೇಸಿಗೆ, ನಿಜಾಮರ ಲೆಕ್ಕದ ಖುರ್ದಾದ್ ತಿಂಗಳ ಮೊದಲ ಗುರುವಾರ ತಾವು ಬಂದು ಸ್ವಲ್ಪ ಹೊತ್ತು ಕೂತು ಹೋಗಬೇಕು. ಅಂದು ಪುಟ್ಟಿಯ ಸುತ್ತ ಪರದೆ ಕಟ್ಟುತ್ತಿದ್ದರು. ಅವರು ಪುಟ್ಟಿ ಹತ್ತಿ, ಕೋಲಿನಿಂದ ಅದರ ಅಂಚಿಗೆ ಎರಡು ಸಲ ಬಡಿದರೆ, ಬೆನ್ನು ಮಾಡಿ ನಿಂತ ಅಂಬಿಗ ಹುಟ್ಟು ಹಾಕುತ್ತಿದ್ದ. ನಡುಗಡ್ಡೆಯ ಗಂಡಸರೆಲ್ಲ ಮರದ ಕಡೆ ಮುಖ ಮಾಡಿ ನಿಲ್ಲಬೇಕು. ಚಿಕ್ಕವನಾದ್ದರಿಂದ ಮೊದಲ ಎರಡು ವರ್ಷ ನನಗೆ ಒಳಗೆ ಇರಲು ಅಡ್ಡಿಯಿರಲಿಲ್ಲ. ಅವರು ತಮ್ಮ ಯಜಮಾನರು ಕೂರುತ್ತಿದ್ದ ಜಗಲಿಯ ಹತ್ತಿರ ಮಣ್ಣಿನ ಧೂಪದ ಪಾತ್ರೆ ಇಟ್ಟು, ಕೆಂಡದ ಮೇಲೆ ಲೋಬಾನ ಉದುರಿಸುತ್ತಿದ್ದರು. ಅವ್ವ ಕೊಟ್ಟ ನೀರು ಕುಡಿದು, ತಣ್ಣಗಿದ್ದ ಒಲೆಯನ್ನು ಒಮ್ಮೆ ನೋಡಿ, ಪಾತ್ರೆ ಎತ್ತಿಕೊಂಡು ಹೋಗಿಬಿಡುತ್ತಿದ್ದರು. ಅವ್ವನ ಕಣ್ಣು ಆ ಪಾತ್ರೆಯ ಹಿಂದೆಯೇ ಬಾಗಿಲವರೆಗೆ ಹೋಗುತ್ತಿತ್ತು. ಅಂಬಿಗನ ತಮಾಷೆ ಬೇಗಂ ಸಾಹೇಬರ ಕಿವಿಗೂ ಬಿದ್ದಿರಬೇಕು; ಕೆಂಡ ಕೊಟ್ಟುಬಿಟ್ಟರೆ ಮತ್ತೆ ಬರಲು ನೆಪ ಇರುವುದಿಲ್ಲ ಎಂದು ಅವರಿಗೆ ಅನಿಸಿತ್ತೋ ಏನೋ.

ಮೂರನೆಯ ಬೇಸಿಗೆಗೆ ಅಪ್ಪನ ತಾಳ್ಮೆ ಮುಗಿಯಿತು. ಸುಲೇಪೇಟದ ವ್ಯಾಪಾರಿಯೊಬ್ಬ ಮನೆ ಕೇಳುತ್ತಿದ್ದ. "ಈ ಸಲನೂ ಗುರುವಾರ ದಾಟಿದ ಮ್ಯಾಲ ಗಿಡದ ಬುಡಕ ಅಡಗಿ ಮಾಡಿದಿ ಅಂದ್ರ ಕೊಟ್ಟೇ ಬಿಡ್ತೀನಿ. ಜನ ನಗಾಕತ್ತಾರ." ಶಹಾಬಾದಿನ ಕಲ್ಲಿನ ಪುಡಿಗೆ ಅವ್ವ ವರ್ಷವಿಡೀ ಕೆಮ್ಮುತ್ತಿದ್ದಳು. ಉಸಿರಾಡಿಕೊಂಡು ಮಲಗುತ್ತಿದ್ದದ್ದು ಈ ನೀರಿನ ನಡುವೆ ಮಾತ್ರ. ಅದು ಅಪ್ಪನಿಗೂ ಗೊತ್ತಿತ್ತು. ಆದರೂ ಹಟ.

ಆ ಗುರುವಾರ ಅಪ್ಪ ನನ್ನ ಹೆಗಲು ಹಿಡಿದು ಮರದ ಕಡೆ ತಿರುಗಿಸಿದ. "ಮೀಸಿ ಬರಾಕತ್ತಾವ. ಇನ್ನ ನೀನೂ ಇಲ್ಲೇ." ಹಿಂದೆ ಪುಟ್ಟಿ ದಡಕ್ಕೆ ತಾಗಿದ ಸಪ್ಪಳ ಕೇಳಿಸಿತು. ಆಮೇಲೆ ಏನೂ ಇಲ್ಲ. ಬೇವಿನ ತೊಗಟೆಯ ಮೇಲೆ ಇರುವೆ ಹತ್ತುತ್ತಿದ್ದವು, ಅವನ್ನೇ ಎಣಿಸಿದೆ. ಗಾಳಿ ಇರಲಿಲ್ಲ, ಲೋಬಾನದ ವಾಸನೆ ಮಾತ್ರ ಬಂತು. ಪುಟ್ಟಿ ಹೋದ ಮೇಲೆ ತಿರುಗಿ ನೋಡಿದರೆ ಅಡುಗೆಮನೆಯ ಬೆಳಕಿಂಡಿಯಿಂದ ಹೊಗೆ ಏಳುತ್ತಿತ್ತು.

ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. "ಕೊಟ್ರು," ಎಂದಳು, ತಲೆ ಎತ್ತದೆ. "ತಾವೇ ಬಗ್ಗಿ ಒಲಿಯಾಗ ಹಾಕಿದ್ರು. ಈ ಸಲ ನೀರು ಮಾತ್ರ ಮುಟ್ಟಲಿಲ್ಲ."

ನಾಲ್ಕು ದಿನ ಕಳೆದ ಮೇಲೆ ಬೆಲ್ಲ ತರಲು ಅಪ್ಪ, ನಾನು ಬೇಗಂ ಸಾಹೇಬರು ವಾಸವಿದ್ದ ಚಂದಾಪುರದ ಬಜಾರಿಗೆ ಹೋದೆವು. ಅವರ ಯೋಗಕ್ಷೇಮದ ಮಾತು ಬಂತು. ಅಂಗಡಿಯವನು ತಕ್ಕಡಿ ಕೆಳಗಿಟ್ಟ.

"ಅವರು ಥಂಡಿ ದಿನದಾಗೇ ಹೋದ್ರಲ್ರಿ, ಸಾವಕಾರ್ರಿ. ಮಣ್ಣಿಗಿ ನಾನೇ ಹೋಗಿದ್ದೆ. ನಿಮಗ ಯಾರೂ ಹೇಳಿಲ್ಲೇನು?"

ಅಪ್ಪ ಬೆಲ್ಲ ತೆಗೆದುಕೊಳ್ಳದೆ ಅಂಗಡಿಯಿಂದ ಇಳಿದ. ಪುಟ್ಟಿಯಲ್ಲಿ ಕೂತು ನಡುನೀರಿಗೆ ಬಂದ ಮೇಲೆ ಅಂಬಿಗನನ್ನು ಕೇಳಿದ: "ಗುರುವಾರ ಯಾರನ್ನ ಕರಕೊಂಡು ಬಂದಿ?"

"ಬೇಗಂ ಸಾಹೇಬರನ್ನರಿ."

"ನೋಡಿದೇನು?"

"ಪರದೆ ಬಿಟ್ಟ ಮ್ಯಾಲ ಹೊಳ್ಳಿ ನೋಡಲಿಕ್ಕ ನಾ ಏನ್ ಹುಚ್ಚೇನ್ರಿ? ಎರಡು ಸಲ ಬಡದ್ರು, ಪುಟ್ಟಿ ಬಿಟ್ಟೆ." ಸ್ವಲ್ಪ ಹೊತ್ತು ಹುಟ್ಟು ಹಾಕಿ ಮತ್ತೆ ಹೇಳಿದ: "ಅವರ ಗಾಡಿ ಬಂದ ಸಪ್ಪಳ ಮಾತ್ರ ಕೇಳ್ಲಿಲ್ಲ ನೋಡ್ರಿ."

ಮನೆಗೆ ಬಂದಾಗ ಅವ್ವ ಒಲೆಯ ಮುಂದಿದ್ದಳು. ಅವಳ ಮುಖದಲ್ಲಿ ಅಂಥ ನೆಮ್ಮದಿಯನ್ನು ಶಹಾಬಾದಿನಲ್ಲಿ ನಾನು ಕಂಡಿರಲಿಲ್ಲ. ಅಪ್ಪ ಹೊಸ್ತಿಲಲ್ಲಿ ನಿಂತು ಬೆಂಕಿಯನ್ನೇ ನೋಡುತ್ತಿದ್ದ.

"ಏನ್ ನೋಡಾಕತ್ತೀರಿ? ಬೆಲ್ಲ ಎಲ್ಲಿ?"

"ಸಿಗಲಿಲ್ಲ," ಎಂದ ಅಪ್ಪ. ತಟ್ಟೆ ಎಳೆದುಕೊಂಡು ಕೂತ. "ಸುಲೇಪೇಟದವನಿಗೆ ಮನಿ ಮಾರಂಗಿಲ್ಲ ಅಂತ ಹೇಳಿ ಕಳಸ್ತೀನಿ."

ಬಜಾರಿನಲ್ಲಿ ಕೇಳಿದ ಸುದ್ದಿಯನ್ನು ಅವನು ಹೇಳಲಿಲ್ಲ, ನಾನೂ ಹೇಳಲಿಲ್ಲ. ಅವಳಿಗೆ ಅದು ಮೊದಲೇ ಗೊತ್ತಿತ್ತು, ಹೇಳಬೇಕಾಗಿಯೂ ಇರಲಿಲ್ಲ ಎಂದು ತಿಳಿದದ್ದು ಮಳೆಗಾಲದ ಮೊದಲು ನಾವು ಹೊರಟ ದಿನ. ಅವ್ವ ಕೆಂಡಗಳ ಮೇಲೆ ಬೂದಿ ಮುಚ್ಚಿ ಹೊರಗೆ ಬಂದಳು. ಅಪ್ಪ ಬೀಗ ಹಿಡಿದು ನಿಂತಿದ್ದ.

"ಹಾಕಬ್ಯಾಡ್ರಿ," ಎಂದಳು. "ಇನ್ನ ಬೇಗಂ ಸಾಹೇಬರು ಬರಲಿಕ್ಕ ಗುರುವಾರಕ್ಕ ಕಾಯಂಗಿಲ್ಲ."

ಅಪ್ಪ ಬಾಗಿಲನ್ನು ಸುಮ್ಮನೆ ಮುಂದಕ್ಕೆಳೆದು, ಬೀಗವನ್ನು ಅಂಗಿಯ ಜೇಬಿಗೆ ಹಾಕಿಕೊಂಡ.