ಬೀಗಿತ್ತಿ ಬರುವ ದಾರಿ

ವಾಕೆಚೂಲ ಊರಿನಲ್ಲಿ ಸ್ಯಾಟಿನ್ ಬಟ್ಟೆಗೆ ನೆರಿಗೆ ಹಿಡಿಯುವುದರಲ್ಲಿ ಒಬ್ದುಲಿಯಳನ್ನು ಮೀರಿಸಿದವರಿಲ್ಲ. ಬೇರೆಯವರು ಹೇಳುವ ಮೊದಲು ಆಕೆಯೇ ಇದನ್ನು ಹೇಳಿಬಿಡುತ್ತಾಳೆ. ಆಯಾ ವರ್ಷ ಸತ್ತವರಿಗೆ ಮನೆಯೊಳಗೆ ಸೂರು ಮುಟ್ಟುವಂಥ ಬಿಳಿ ಸ್ಯಾಟಿನ್ ಮಂಟಪ ಕಟ್ಟುವುದು ಅಲ್ಲಿನ ಪದ್ಧತಿ. ಸತ್ತವರ ಹಬ್ಬ ಹತ್ತಿರ ಬಂತೆಂದರೆ ಆಕೆಗೆ ಮನೆಮನೆಯಿಂದ ಕರೆ. ಗಂಡ ತೀರಿಕೊಂಡ ವರ್ಷವೂ ಮಂಟಪವನ್ನು ಇನ್ನೊಬ್ಬರ ಕೈಗೆ ಬಿಡದೆ, ಅಳುವುದೇನಿದ್ದರೂ ಹಬ್ಬ ಕಳೆದ ಮೇಲೆ ಎಂದಿದ್ದಳು.

ಈ ಸಲದ ಮಂಟಪ ಆಕೆಯ ಮನೆಯಲ್ಲೇ, ಬೀಗಿತ್ತಿ ತೆಲ್ಮಳಿಗೆ. ಸೊಸೆ ನೆಲ್ಸಿ ದೂರದ ಹೊಂಡುರಾಸ್ ದೇಶದವಳು. ಅಲ್ಲಿ ತಾಯಿ ತೀರಿಕೊಂಡಾಗ ಇಲ್ಲಿ ಅವಳು ತುಂಬು ಬಸುರಿ, ಮಣ್ಣಿಗೆ ಹೋಗಲಾಗಲಿಲ್ಲ. ಅಂದಿನಿಂದ ಹುಡುಗಿಯ ಮುಖದಲ್ಲಿ ಕಳೆಯೇ ಇಲ್ಲ. ಬೀಗಿತ್ತಿಯರು ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ಒಬ್ದುಲಿಯ ಹಿಂದೆಂದೂ ಕಟ್ಟದಷ್ಟು ಚೆಂದದ ಮಂಟಪ ಕಟ್ಟಿದಳು.

ಮಧ್ಯಾಹ್ನ ಚರ್ಚಿನ ಗಂಟೆ ಬಾರಿಸಿದೊಡನೆ ಸತ್ತವರು ಊರೊಳಗೆ ಬರುತ್ತಾರೆ. ಅಷ್ಟರೊಳಗೆ ದಾರಿ ಸಿದ್ಧವಾಗಬೇಕು. ಎಲ್ಲರಂತೆ ಒಬ್ದುಲಿಯ ಕೂಡ ಸ್ಮಶಾನದ ತಿರುವಿನಿಂದ ತನ್ನ ಬಾಗಿಲವರೆಗೆ ಚೆಂಡುಹೂವಿನ ಎಸಳು ಹಾಸಿ ಸೊಂಟ ನೆಟ್ಟಗೆ ಮಾಡಿದಳು. ಮಗುವನ್ನೆತ್ತಿಕೊಂಡು ನೆಲ್ಸಿ ಹೊಸ್ತಿಲಿಗೆ ಬಂದಳು.

"ಅತ್ತೆ, ನಮ್ಮಮ್ಮ ಆ ಸ್ಮಶಾನದಲ್ಲಿ ಎಲ್ಲಿದಾಳೆ?"

ಒಬ್ದುಲಿಯ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಬುದ್ಧಿಗಿಷ್ಟು! ಅವಳು ಬರೋದು ಹೆದ್ದಾರಿ ಕಡೆಯಿಂದ ಅಲ್ವೇನೆ? ಗೊತ್ತಿಲ್ಲದ ಊರು, ಯಾರ ಮನೆ ಅಂತ ಹುಡುಕ್ತಾಳೆ?"

ಹಾಸಿದ್ದನ್ನೆಲ್ಲ ಬುಟ್ಟಿಗೆ ಬಳಿದುಕೊಂಡು ಹೆದ್ದಾರಿಗೆ ಓಡಿದಳು. ಅಲ್ಲಿಂದ ಮನೆ ಬಲು ದೂರ. ಎಷ್ಟು ತೆಳುವಾಗಿ ಹರಡಿದರೂ ಎಸಳು ತಮ್ಮ ಬೀದಿಯ ಕ್ರೆಸೆನ್ಸಿಯಳ ಮನೆಯ ಮುಂದೆ ಮುಗಿದೇಹೋಯಿತು. ಬಾಗಿಲಿಗೊರಗಿ ನಿಂತಿದ್ದ ಅವಳು ಮೂಗು ಮುರಿದಳು.

"ಊರಿಗೊಂದು ದಾರಿಯಾದ್ರೆ ನಿಂಗೊಂದು ದಾರಿ! ಮುಖ ಕಂಡಿಲ್ಲ, ಮಾತಾಡಿಲ್ಲ, ಯಾವಳೋ ಪರದೇಶದೋಳಿಗೆ ಇಷ್ಟೊಂದು ಉಪಚಾರನಾ?"

"ಯಾವಳೋ ಅಲ್ಲ ಕಣೇ, ನನ್ನ ಬೀಗ್ತಿ. ಹೆತ್ತ ಮಗಳನ್ನೇ ಕೊಟ್ಟೋಳು. ನೀನೇನು ಕೊಟ್ಟಿದೀಯ ನಂಗೆ, ಬರೀ ಕೊಂಕು ಮಾತು!"

ಕ್ರೆಸೆನ್ಸಿಯ ದಡಾರನೆ ಬಾಗಿಲು ಹಾಕಿಕೊಂಡಳು. ಒಬ್ದುಲಿಯ, ಖಾಲಿ ಬುಟ್ಟಿ ಹಿಡಿದು, ಬೀದಿಯಲ್ಲೇ ಕುಸಿದಳು. ಅರ್ಧ ದಾರಿಗೆ ಕರೆದು ಕೈಬಿಟ್ಟಂತಾಯಿತಲ್ಲ ಎಂದು ಕಣ್ಣು ತುಂಬಿ ಬಂತು.

ಬಾಗಿಲು ಮತ್ತೆ ತೆರೆಯಿತು. ಕ್ರೆಸೆನ್ಸಿಯಳ ಕಂಕುಳಲ್ಲಿ ತನ್ನ ಮನೆಯ ಹಿರಿಯರಿಗೆಂದು ತಂದಿದ್ದ ಹೂವಿನ ಬುಟ್ಟಿ.

"ಏಳೇ ಜಂಬದ ಕೋಳಿ. ನನ್ನ ಬಾಗ್ಲಲ್ಲಿ ನಿನ್ನ ಬೀಗ್ತಿ ದಾರಿ ತಪ್ಪಿದ್ಲು ಅಂತ ನಾಳೆ ಯಾರೂ ಆಡ್ಕೋಬಾರ್ದು."

ಅವಳು ಚೆಲ್ಲಿದ್ದನ್ನು ಕಂಡು ಪಕ್ಕದ ಮನೆಯವರು ಬಂದರು, ಆಮೇಲೆ ಅದರಾಚೆಯವರು. ತಮ್ಮ ಮನೆಯ ಮುಂದೆ ದಾರಿ ಕಡಿಯಲು ಯಾರೂ ಬಿಡಲಿಲ್ಲ. ಬಾಗಿಲವರೆಗೂ ಹೂ ಕೂಡಿಕೊಂಡ ತನ್ನ ಬೀದಿಯನ್ನು ಕಂಡು ಒಬ್ದುಲಿಯಳ ಎದೆ ಉಬ್ಬಿತು. ಸ್ಯಾಟಿನ್‌ನಲ್ಲಿ ಇಂಥ ನೆರಿಗೆ ತಾನೂ ಹಿಡಿದಿಲ್ಲ ಎಂದುಕೊಂಡಳು.

ಗಂಟೆ ಬಾರಿಸಿತು. ಒಬ್ದುಲಿಯ ಆಗಲೇ ಧೂಪ ಹಿಡಿದು ಹೆದ್ದಾರಿಯ ಅಂಚಿನಲ್ಲಿ ನಿಂತಿದ್ದಳು. "ಬನ್ನಿ ಬೀಗ್ತಿ, ಹೀಗೆ ಬನ್ನಿ. ಸಂಕೋಚ ಬೇಡ, ಎಲ್ಲಾ ನಮ್ಮೋರೇ" ಎಂದು ಕರೆಯುತ್ತ ಹೂವಿನ ಪಕ್ಕದಲ್ಲೇ ಮನೆಯವರೆಗೆ ನಡೆದಳು.

ಹೊಸ್ತಿಲಲ್ಲಿ ನೆಲ್ಸಿ ಮಗುವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು.

"ಬಂದ್ಯಾ ಅಮ್ಮಾ? ನೋಡು, ನಿನ್ನ ಮೊಮ್ಮಗಳು."