ಮುಯ್ಯಿ ಗೊತ್ತಿಲ್ಲದವರ ಆಟ

ಮೊನ್ನೆ ಮೊಮ್ಮಗಳು ತನ್ನ ಫೋನನ್ನು ನನ್ನ ಮೂಗಿನ ತನಕ ತಂದು ಕೇಳಿದಳು. "ಅಜ್ಜಿ, ಇದು ಸಾವಿರಾರು ಜನ ಒಟ್ಟಿಗೆ ಆಡೋ ಆಟ. ಒಬ್ಬೊಬ್ರೂ ಒಂದೊಂದು ವೇಷ ಆಕ್ಕೊಂಡು ಕಾಡಲ್ಲಿ ಓಡಾಡ್ತಾರೆ. ನಾನೊಬ್ಳೇ ಒಸದಾಗಿ ಸೇರ್ಕೊಂಡ್ರೆ ಮಜಾ ಇರ್ತದಾ?"

"ಇರಲ್ಲ ಕಣಮ್ಮಿ" ಎಂದೆ.

"ನಿಂಗೇನ್ ಗೊತ್ತು?" ಎಂದು ನಕ್ಕಳು.

ನನಗೆ ಗೊತ್ತು. ಅಂಥದೇ ಒಂದು ಆಟದೊಳಗೆ ಒಂದೇ ಮಧ್ಯಾಹ್ನ ಆರು ಸಲ ಸತ್ತವಳು ನಾನು. ಫೋನಿನಲ್ಲಿ ಬೆರಳಾಡಿಸಿ ಬರೆಯುವುದನ್ನು ಈಚೆಗೆ ಕಲಿತಿದ್ದೇನೆ. ಹಾಗಾಗಿ ಆ ಸಾವುಗಳ ವಿಷಯ ಬರೆದೇ ಬಿಡುತ್ತೇನೆ, ಓದಿಕೊಳ್ಳಲಿ.

ಆಗ ಮನೆಮನೆಗೆ ಕಂಪ್ಯೂಟರ್ ಬಂದಿರಲಿಲ್ಲ. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ನಾವು ಗುಂಡ್ಲುಪೇಟೆಯಲ್ಲಿದ್ದೆವು. ಮಗಳಿಗೆ ಚಾಮರಾಜನಗರದಲ್ಲಿ ಟೀಚರ್ ಟ್ರೈನಿಂಗ್ ಸೀಟು ಸಿಕ್ಕಿತ್ತು. ಹಾಸ್ಟೆಲಿನಲ್ಲೇ ಇದ್ದು ಓದಬೇಕು, ದಿನಾ ಬಸ್ಸಿನಲ್ಲಿ ಓಡಾಡುವ ಹಾಗಿಲ್ಲ ಎಂಬ ನಿಯಮ. ನಾನು ಉಮ್ಮತ್ತೂರಿನಲ್ಲಿ ಏಳನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಮಗಳು ಟೀಚರಮ್ಮ ಆಗುತ್ತಾಳೆಂದು ಬೀದಿಯಲ್ಲಿ ಯಾರೂ ಕೇಳದಿದ್ದರೂ ಹೇಳಿಕೊಂಡು ತಿರುಗಿದ್ದೆ. ಒಂದು ತಿಂಗಳಿಗೆ ಅವಳು ಬ್ಯಾಗು, ಹಾಸಿಗೆ, ಬಕೀಟು ಸಮೇತ ವಾಪಸ್ ಬಂದಳು.

ಹಾಸ್ಟೆಲಿನ ರೂಮಿನಲ್ಲಿ ಇವಳೂ ಸೇರಿ ನಾಲ್ವರು. ಉಳಿದ ಮೂವರೂ ಕೊಳ್ಳೇಗಾಲದ ಕಡೆಯವರು, ಒಂದೇ ಸ್ಕೂಲಿನಲ್ಲಿ ಓದಿದವರು. ಇವಳು ಮೊದಲ ದಿನವೇ ನಾನು ಕೊಟ್ಟಿದ್ದ ಚಕ್ಕುಲಿ ಡಬ್ಬಿ ಬಿಚ್ಚಿ ಹಂಚಿದಳಂತೆ. ತಿಂದರು, ಚೆನ್ನಾಗಿದೆ ಅಂದರು, ಅಲ್ಲಿಗೆ ಮುಗಿಯಿತು. ಊಟಕ್ಕೆ ಹೋಗುವಾಗ ಕೂಡ ಕರೆಯುತ್ತಿರಲಿಲ್ಲ.

ಇವಳಪ್ಪ ಮೂರು ದಿನ ಬೈದರು, ನಾಲ್ಕನೆಯ ದಿನ ಮಾತು ಬಿಟ್ಟರು. ಎರಡು ವಾರ ಕಳೆದ ಮೇಲೆ ಕಾಲೇಜಿನಿಂದ ಫೋನ್ ಬಂತು: ಸೋಮವಾರ ಬಾರದಿದ್ದರೆ ಹೆಸರು ತೆಗೆಯುತ್ತೇವೆ. ಅವಳಿಗೆ ಅದರ ಚಿಂತೆಯೇ ಇಲ್ಲ. ತಿಂಡಿ ತಿಂದವಳೇ ಬಸ್ ಸ್ಟ್ಯಾಂಡ್ ಹಿಂದಿನ ಸೈಬರ್ ಸೆಂಟರಿಗೆ ಹೊರಟುಬಿಡುತ್ತಿದ್ದಳು.

"ಅಲ್ಲೇನ್ ಇಟ್ಟಿದ್ದೀಯೆ?" ಎಂದು ಕೇಳಿದೆ.

"ಫ್ರೆಂಡ್ಸ್ ಅವ್ರೆ ಕಣವ್ವ. ಹದ್ನಾಲ್ಕು ಜನ."

"ಆ ಅಂಗ್ಡೀಲಿ ಕುರ್ಚಿ ಇರದೇ ಆರು."

"ಕುರ್ಚೀಲಿ ಅಲ್ಲ, ಆಟದೊಳಗೆ. ಆಸ್ಟಲ್‌ಗಿಂತ ಅಲ್ಲೇ ವಾಸಿ. ಅಲ್ಲಿ ಯಾರೂ ನೀನ್ಯಾರು ಅನ್ನಕಿಲ್ಲ."

ಅನ್ನದಿದ್ದರೆ ಅದೇನು ಒಳ್ಳೆಯದಾ? ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ತೆರಕಣಾಂಬಿ ಬರುವಷ್ಟರಲ್ಲಿ ಊರು, ಕುಲ, ಮಕ್ಕಳೆಷ್ಟು ಎಲ್ಲಾ ಕೇಳಿ ಮುಗಿಸಿರುತ್ತಾರೆ. ಈ ಹದಿನಾಲ್ಕು ಜನ ಎಂಥವರೋ ನೋಡಿಯೇ ಬಿಡೋಣ ಎಂದು ಶುಕ್ರವಾರ ಸೆರಗು ಸಿಕ್ಕಿಸಿ ಅವಳ ಹಿಂದೆ ಹೊರಟೆ. ಬರಬೇಡ ಅಂದಳು. ನಾನು ಚಪ್ಪಲಿ ಮೆಟ್ಟಿ ಆಗಿತ್ತು.

ಸೈಬರಿನವನು ಬತ್ತೇರಿ ಕಡೆಯ ಮಲಯಾಳಿ. ನನ್ನನ್ನು ಕೂಡಿಸಿ, ಮಗಳ ಪಕ್ಕದ ಕಂಪ್ಯೂಟರಿನಲ್ಲಿ ಅದೇ ಆಟ ತೆರೆದುಕೊಟ್ಟ. ನಾನು ಮೌಸನ್ನು ಗುದ್ದುವುದು ನೋಡಿ, "ಚೇಚಿ, ಮೆಲ್ಲ ಒತ್ತಿ. ಅದು ಬೋರ್‌ವೆಲ್ ಸ್ವಿಚ್ ಅಲ್ಲ" ಅಂದ.

ಮೊದಲು ವೇಷ ಆರಿಸಬೇಕು. ಮಗಳದು ಉದ್ದ ಕೂದಲಿನ, ಸಣ್ಣ ಸೊಂಟದ ಹುಡುಗಿ. ನಾನು ಬೋಳು ತಲೆಯ, ಗಿರಿಜಾ ಮೀಸೆಯ ದಡಿಯನನ್ನು ಆರಿಸಿದೆ. ಮಗಳು ಹಣೆ ಚಚ್ಚಿಕೊಂಡಳು. ಇರಲಿ, ಸೀರೆ ಉಟ್ಟು ಸಾಕಾಗಿತ್ತು ನನಗೆ.

ದಡಿಯನ ಕೈಗೆ ಒಂದು ದೊಣ್ಣೆ ಕೊಟ್ಟು ಹುಲ್ಲುಗಾವಲಿನಲ್ಲಿ ನಿಲ್ಲಿಸಿದರು. ಸುತ್ತ ಜಾತ್ರೆಯಷ್ಟು ಜನ, ಎಲ್ಲರೂ ಬೆಂಕಿ ಬಿದ್ದ ಹಾಗೆ ಓಡುವವರೇ. ಒಬ್ಬ ಮುದುಕ ಮಾತ್ರ ನಿಂತಿದ್ದ. ಹತ್ತು ಹಂದಿ ಹೊಡೆದು ಬಾ ಎಂದ. ಅವನೂ ಮನುಷ್ಯ ಅಲ್ಲ, ಕಂಪ್ಯೂಟರಿನ ಬೊಂಬೆ, ಯಾರು ಬಂದರೂ ಅದನ್ನೇ ಹೇಳುತ್ತಾನೆ ಎಂದಳು ಮಗಳು. ನಾನು ಅವಳ ಕೈಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ಊಟ ಆಯ್ತಾ' ಎಂದು ಹೊಡೆಸಿ ಎದುರು ಬಂದವರಿಗೆಲ್ಲ ಕಳಿಸಿದೆ. ಇಪ್ಪತ್ತು ಜನಕ್ಕಾದರೂ ಕಳಿಸಿರಬೇಕು. ಕನ್ನಡ ಬರದವರೇ ಇದ್ದಾರು, ಒಪ್ಪುತ್ತೇನೆ. ಆದರೆ ಏನು ಅಂದೆ ಎಂದು ಕೂಡ ಒಬ್ಬನೂ ಕೇಳಲಿಲ್ಲ. ಒಬ್ಬ ನಿಂತು, ನಿನ್ನ ಲೆವೆಲ್ ಎಷ್ಟು ಎಂದು ಕೇಳಿದ. ಒಂದು ಅಂದೆ. ಹೊರಟುಹೋದ.

"ಎಲ್ಲಮ್ಮಿ ನಿನ್ನ ಹದ್ನಾಲ್ಕು ಜನ?"

"ಇನ್ನೂ ಬಂದಿಲ್ಲ. ಬತ್ತಾರೆ ಬುಡು."

ಅಷ್ಟರಲ್ಲಿ ನನ್ನ ಹಿಂದೆ ಒಂದು ತೋಳ ಬಿತ್ತು. ದೊಣ್ಣೆ ಬೀಸುವ ಬಟನ್ ಮರೆತುಹೋಗಿ ಗಿರಗಿರ ಸುತ್ತುತ್ತಿದ್ದೆ. ಕೆಂಪು ವಲ್ಲಿ ಹೊದ್ದವನೊಬ್ಬ ಓಡುತ್ತ ಬಂದು, ಒಂದೇ ಏಟಿಗೆ ತೋಳವನ್ನು ಕೆಡವಿ, ನಿಲ್ಲದೆ ಹಾಗೇ ಹೋದ.

ಇಲ್ಲಿ ನಾನು ತಪ್ಪು ಮಾಡಿದೆ. ಆದರೆ ಅದು ನನ್ನ ತಪ್ಪೆಂದು ಇವತ್ತಿಗೂ ಒಪ್ಪುವುದಿಲ್ಲ. ಉಮ್ಮತ್ತೂರಿನಲ್ಲಿ ಅರಿಶಿನ ಕೀಳುವ ಕಾಲಕ್ಕೆ ನಮ್ಮಲ್ಲಿ ಮುಯ್ಯಾಳು ಅಂತ ಇತ್ತು. ನನ್ನ ಹೊಲಕ್ಕೆ ನೀನೊಂದು ದಿನ ಬಂದು ಬಗ್ಗಿದರೆ, ನಿನ್ನ ಹೊಲಕ್ಕೆ ನಾನೊಂದು ದಿನ ಬಂದು ಬಗ್ಗಬೇಕು. ಕೂಲಿ ಇಲ್ಲ, ಬರೀ ಮುಯ್ಯಿ. ಮುಯ್ಯಿ ತೀರಿಸದೆ ತಿರುಗುವವಳನ್ನು ಬಾವಿ ಕಟ್ಟೆಯಲ್ಲಿ ಯಾರೂ ಮಾತನಾಡಿಸುತ್ತಿರಲಿಲ್ಲ. ತೋಳದ ಬಾಯಿಂದ ಬಿಡಿಸಿದವನಿಗೆ ಮುಯ್ಯಿ ತೀರಿಸಬೇಡವೇ?

ಅವನ ಹಿಂದೆ ಓಡಿದೆ. ಹೊಳೆ ದಂಡೆಯಲ್ಲಿ ಅವನು ಹಂದಿ ಹೊಡೆಯುತ್ತಿದ್ದ. ಅಷ್ಟರಲ್ಲಿ ನನಗೆ ಬಟನ್ ನೆನಪಾಗಿತ್ತು. ಅವನು ಯಾವ ಹಂದಿಯ ಕಡೆ ತಿರುಗಿದರೂ ಅವನಿಗಿಂತ ಮೊದಲು ಓಡಿ ಅದಕ್ಕೊಂದು ಬಿಟ್ಟೆ. ಬಾಕಿ ಏಟು ಅವನು ಹಾಕುತ್ತಿದ್ದ. ಎಂಟು ಹಂದಿ ಹೀಗೆ ಉರುಳಿದವು. ಅವನು ಏನೋ ಬರೆದ.

"ಏನಂತೆ?"

"ದೂರ ಓಗು ಅಂತವ್ನೆ, ಅವ್ವ."

"ಸಂಕೋಚಕ್ಕೆ ಅಂಗಂತಾನೆ. ಬ್ಯಾಡ ಅಂದೋರ ಎಲೆಗೇ ಇನ್ನೊಂದು ಸೌಟು ಬಡಿಸ್ಬೇಕು" ಎಂದು ಒಂಬತ್ತನೆಯ ಹಂದಿಗೂ ಬಿಟ್ಟೆ.

ಆ ಆಟದಲ್ಲಿ ಮೊದಲ ಏಟು ಯಾರದೋ ಹಂದಿ ಅವರ ಲೆಕ್ಕಕ್ಕೆ. ಅದು ನನಗೆ ಗೊತ್ತಿರಲಿಲ್ಲ. ಮುಯ್ಯಿ ತೀರಿಸುತ್ತೇನೆಂದು ಅವನ ಕಣ್ಣೆದುರೇ ಅವನ ಹಂದಿಗಳನ್ನು ಕದಿಯುತ್ತಿದ್ದೆ.

ಅವನು ಇನ್ನು ಮೂವರನ್ನು ಕರೆಸಿದ. ನಾಲ್ಕೂ ಜನ ಕಾಡಿನಿಂದ ತೋಳಗಳನ್ನು ಕೆಣಕಿ ತಂದು ನನ್ನ ಮೇಲೆ ಬಿಟ್ಟರು. ಸತ್ತೆ. ಸತ್ತವರು ಸ್ಮಶಾನದಲ್ಲಿ ಮತ್ತೆ ಏಳುತ್ತಾರೆ. ಎದ್ದೆ. ಅಲ್ಲಿಗೂ ತಂದು ಬಿಟ್ಟರು. ಹೀಗೆ ಆರು ಸಲ. ಪ್ರತಿ ಸಲವೂ ನನ್ನ ದಡಿಯನ ಹೆಣದ ಸುತ್ತ ಕುಣಿದರು. ಕುಣಿಯಲು ಅಲ್ಲಿ ಬೇರೆ ಬಟನ್ನೇ ಇಟ್ಟಿದ್ದಾರೆ. ಊಟ ಆಯ್ತಾ ಎಂದು ಕೇಳಲು ಇಟ್ಟಿಲ್ಲ.

ನನಗೆ ನಗು ಬರುತ್ತಿತ್ತು. ಪಕ್ಕಕ್ಕೆ ತಿರುಗಿದರೆ ಮಗಳ ಮುಖ ಬಿಳಿಚಿಕೊಂಡಿತ್ತು. ಅವಳೇ ಕೈ ಚಾಚಿ ನನ್ನ ಕಂಪ್ಯೂಟರಿನ ಸ್ವಿಚ್ ಆರಿಸಿದಳು.

"ನಂಗೂ ಇಂಗೇ ಮಾಡುದ್ರು" ಎಂದಳು.

"ಯಾವಾಗ?"

"ಮೊದಲ್ನೇ ವಾರ. ಗುಂಪಿಗೆ ಸೇರುಸ್ಕಳಿ ಅಂತ ಕೇಳ್ಕೊಂಡು ಓಡಾಡ್ತಿದ್ದೆ."

ಅವಳ ಪರದೆಯಲ್ಲಿ ಫ್ರೆಂಡ್ಸ್ ಪಟ್ಟಿ ತೆರೆದೇ ಇತ್ತು. ಹದಿನಾಲ್ಕು ಹೆಸರು, ಹದಿನಾಲ್ಕೂ ಬೂದಿ ಬಣ್ಣ. ಬೂದಿ ಎಂದರೆ ಆಟದಲ್ಲಿ ಇಲ್ಲದವರು ಎಂದು ಸೈಬರಿನವನು ಬಾಗಿ ಹೇಳಿದ. ಒಂದು ದಿನ ಸೇರಿಸಿಕೊಂಡು ಮರುದಿನ ಬರುವುದೇ ಬಿಟ್ಟವರು. ಇವಳು ದಿನಾ ಒಬ್ಬಳೇ ಹಂದಿ ಹೊಡೆದು, ಒಬ್ಬಳೇ ಮುದುಕನಿಗೆ ಒಪ್ಪಿಸಿ ಮನೆಗೆ ಬರುತ್ತಿದ್ದಳು. ಹಾಸ್ಟೆಲಿನ ಮೂವರಾದರೂ ಚಕ್ಕುಲಿ ಚೆನ್ನಾಗಿದೆ ಅಂದಿದ್ದರು.

ಮನೆಗೆ ಬರುವ ದಾರಿಯಲ್ಲಿ ನನ್ನ ತಲೆಯಲ್ಲಿ ಆ ಕೆಂಪು ವಲ್ಲಿಯವನು ಕೂತುಬಿಟ್ಟಿದ್ದ. ತೋಳ ಕೊಂದ, ಹೋದ. ನನ್ನಿಂದ ಅವನಿಗೆ ಏನೂ ಬೇಕಿರಲಿಲ್ಲ, ಅದಕ್ಕೇ ನಾನು ಬದುಕಿದರೂ ಒಂದೇ ಸತ್ತರೂ ಒಂದೇ. ಮಗಳ ಚಕ್ಕುಲಿಯ ಕತೆಯೂ ಅದೇ. ಕೊಟ್ಟಳು, ತಿಂದರು. ಆ ಹುಡುಗಿಯರು ಇವಳ ಹತ್ತಿರ ತಿರುಗಿ ಬರಲು ಕಾರಣವೇ ಉಳಿಯಲಿಲ್ಲ. ಇವಳೇ ಅವರಿಗೆ ಮುಯ್ಯಿ ಬಾಕಿ ಇಟ್ಟುಕೊಂಡಿದ್ದರೆ ವಸೂಲಿಗಾದರೂ ಬರುತ್ತಿದ್ದರು.

ಭಾನುವಾರ ರಾತ್ರಿ ಊಟದ ಹೊತ್ತಿಗೆ, "ನಾಳಿಕ್ಕೆ ಓಗನ. ನಾನೂ ಬತ್ತೀನಿ" ಎಂದೆ. "ಮತ್ತೆ ಅಂಗೇ ಆದ್ರೆ?" ಎಂದಳು. "ಆದ್ರೆ ಬಾ. ನಿನ್ನ ಹದ್ನಾಲ್ಕು ಜನ ಎಲ್ಲೂ ಓಗಿರಕಿಲ್ಲ" ಎಂದೆ. ಉರಿದುಕೊಂಡು ಎದ್ದುಹೋದಳು. ಬೆಳಿಗ್ಗೆ ನೋಡಿದರೆ ಬ್ಯಾಗು ತುಂಬಿಟ್ಟಿದ್ದಳು.

ಚಾಮರಾಜನಗರದ ಹಾಸ್ಟೆಲ್ ರೂಮಿಗೆ ನಾನೇ ಹಾಸಿಗೆ ಹೊತ್ತುಕೊಂಡು ಹೋದೆ. ಮೂವರೂ ಕ್ಲಾಸಿಗೆ ಹೋಗಿದ್ದರು. ಮಗಳು ಆಫೀಸಿನಲ್ಲಿ ಸಹಿ ಹಾಕಲು ಹೋದಾಗ ಅವಳ ಬಕೀಟು, ಚೊಂಬು, ಬಟ್ಟೆ ಒಣಗಿಸುವ ಹಗ್ಗ, ಸೂಜಿ ದಾರದ ಡಬ್ಬಿ ಎಲ್ಲ ಎತ್ತಿಕೊಂಡೆ. ಬಸ್ಸಿನಲ್ಲಿ ಬಕೀಟನ್ನು ತೊಡೆ ಮೇಲಿಟ್ಟುಕೊಂಡು ಗುಂಡ್ಲುಪೇಟೆಗೆ ವಾಪಸ್ ಬಂದೆ. ಪಕ್ಕದವಳು ಯಾಕೆ ಎಂದು ಕೇಳಿದಳು, ಪೂರ್ತಿ ಹೇಳಿದೆ. ಅವಳು ಇಳಿಯಬೇಕಾದ ಊರು ದಾಟಿಹೋಯಿತು.

ಸಂಜೆ ಕಾಯಿನ್ ಬೂತಿನಿಂದ ಫೋನ್ ಬಂತು. "ಅವ್ವ, ನನ್ ಬಕೀಟೆಲ್ಲಿ?"

"ಇಲ್ಲೈತೆ."

"ನಾನ್ ಸ್ನಾನ ಎಂಗ್ ಮಾಡ್ಲಿ?"

"ಆ ಉಡ್ಗೀರ್ನ ಕೇಳು. ಅವ್ರದು ಈಸ್ಕೊ. ಏನೂ ಕೊಡಕ್ ಓಗ್ಬ್ಯಾಡ, ಬರೀ ಈಸ್ಕೊ."

"ನಂಗ್ ನಾಚ್ಕೆ ಆಯ್ತದೆ."

"ಮೈ ನಾತ ಒಡೀತದೆ ನೋಡು, ಅದ್ಕಿಂತ ನಾಚ್ಕೇನೇ ವಾಸಿ" ಎಂದು ಫೋನಿಟ್ಟೆ.

ಮೂರು ವಾರ ಅವಳು ಫೋನ್ ಮಾಡಲಿಲ್ಲ. ನಾನು ಹೊರಗೆ ಗಟ್ಟಿಯಾಗಿದ್ದರೂ ಬಸ್ಸಿನ ಹಾರ್ನ್ ಕೇಳಿದಾಗೆಲ್ಲ ಬಾಗಿಲು ನೋಡುತ್ತಿದ್ದೆ. ನಾಲ್ಕನೇ ಶನಿವಾರ ಮಗಳು ಬಂದಳು, ಬ್ಯಾಗು ಚಿಕ್ಕದು. ಹಿಂದೆ ಇನ್ನೊಂದು ಹುಡುಗಿ, ದಪ್ಪ ಜಡೆಯವಳು. ಆ ಮೂವರಲ್ಲಿ ಒಬ್ಬಳು. ಇನ್ನಿಬ್ಬರು ಕೊನೆಯವರೆಗೂ ಇವಳನ್ನು ಅಷ್ಟಕ್ಕಷ್ಟೇ ನೋಡಿದರು, ಅದನ್ನು ಮುಚ್ಚಿಡುವುದಿಲ್ಲ.

ಆ ಹುಡುಗಿ ಹೊಸ್ತಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವೇನಾ ಅಮ್ಮ, ಮಗಳ ಬಕೀಟು ಕದ್ದೋರು? ಇವಳು ದಿನಾ ನನ್ನ ಬಕೀಟು ಈಸ್ಕೊಂಡು ಈಸ್ಕೊಂಡು ಮೊನ್ನೆ ಕೆಳಗ್ ಬೀಳ್ಸಿ ತಳ ಒಡೆದುಬುಟ್ಲು. ಈಗ ನಿಮ್ದು ಕೊಡಿ."

"ಕೊಡ್ತೀನಿ. ಊಟ ಆಯ್ತಾ?" ಎಂದು ಕೇಳಿದೆ.

"ಎಲ್ಲಾಯ್ತು? ಬೆಳಿಗ್ಗೆ ತಿಂಡೀನೂ ತಿನ್ನದೆ ಬಸ್ ಅತ್ತಿದ್ದು" ಎಂದು ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು.