ಗ್ಲೆಂಡಾ ಮಾಡಿದ ಜಾಫಾ ಕೇಕ್

ಹೊಟ್ಟೆಕಿಚ್ಚಿಗೆ ವಯಸ್ಸಿಲ್ಲ ಅನ್ನುವುದಕ್ಕೆ ಥಾರ್ನ್‌ಬೆಕ್ ಹಳ್ಳಿಯ ಈನಿಡ್‌ಗಿಂತ ಬೇರೆ ಸಾಕ್ಷಿ ಬೇಡ. ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ಯಾರ್ಕ್‌ಶೈರಿನ ಮಂದಿಗೆ ಸ್ಟಾಂಪು ಮಾರಿ ನಿವೃತ್ತಳಾದವಳು, ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವಳಲ್ಲ. ಆದರೆ ಪ್ರತಿ ಆಗಸ್ಟಿನಲ್ಲಿ ನಡೆಯುವ ಹಳ್ಳಿಯ ಪ್ರದರ್ಶನದಲ್ಲಿ ಬಿಸ್ಕತ್ತು ಸ್ಪರ್ಧೆಯ ಬಹುಮಾನದ ಕಪ್ ಮಾತ್ರ ಅವಳದಾಗಿಯೇ ಇರಬೇಕು. ಅವಳ ಶುಂಠಿ ಬಿಸ್ಕತ್ತಿಗೆ ಎದುರಾಳಿಯೇ ಇರಲಿಲ್ಲ, ಪಕ್ಕದ ಮನೆಗೆ ಗ್ಲೆಂಡಾ ಬರುವವರೆಗೆ.

ಗ್ಲೆಂಡಾ ವಿಧವೆ, ನಗುಮುಖದವಳು. ಬಂದ ವಾರವೇ ಬೇಲಿಯಾಚೆಯಿಂದ ಈನಿಡ್‌ಳ ಗಂಡ ಕ್ಲಿಫರ್ಡನನ್ನು 'ಕ್ಲಿಫ್' ಎಂದು ಕೂಗಿದಳು. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಯೇ ಹಾಗೆ ಕರೆದಿರಲಿಲ್ಲ! ಈನಿಡ್‌ಗೆ ಮೈಯೆಲ್ಲ ಉರಿದುಹೋಯಿತು. ಅದು ಸಾಲದು ಅಂತ ಈ ಸಲದ ಪ್ರದರ್ಶನದಲ್ಲಿ ಬಿಸ್ಕತ್ತು ಮೇಜಿನ ಮೇಲೆ ತಟ್ಟೆ ತುಂಬ ಜಾಫಾ ಕೇಕ್ ತಂದಿಟ್ಟಳು ಪುಣ್ಯಾತ್ಗಿತ್ತಿ. ಬಿಸ್ಕತ್ತಿನಷ್ಟೇ ದುಂಡನೆ ಬಿಲ್ಲೆಗಳು; ಅಡಿಯಲ್ಲಿ ಮೆತ್ತನೆಯ ಸ್ಪಂಜಿನ ಪದರ, ನಡುವೆ ಕಿತ್ತಳೆ ಜೆಲ್ಲಿ, ಮೇಲೆ ಚಾಕೊಲೇಟು, ಎಲ್ಲ ಮನೆಯಲ್ಲೇ ಮಾಡಿದ್ದು. ನೋಡಿದವರ ಬಾಯಲ್ಲಿ ನೀರೂರಿತು.

"ಅದು ಕೇಕ್. ಆ ಕಡೆ ಕೇಕ್ ಮೇಜಿಗೆ ಹೋಗ್ಲಿ," ಅಂದಳು ಈನಿಡ್.

"ಅಂಗಡೀಲಿ ಬಿಸ್ಕತ್ತಿನ ಸಾಲಲ್ಲೇ ಇಡ್ತಾರಲ್ಲಮ್ಮ," ಗ್ಲೆಂಡಾ ನಕ್ಕಳು. "ಟೀ ಜೊತೆ ಕೈಯಲ್ಲಿ ಹಿಡ್ಕೊಂಡು ತಿಂತೀವಿ."

"ಹೆಸರಲ್ಲೇ ಕೇಕ್ ಇದೆ!"

"ಹೆಸರಿಗೇನು, ನಮ್ಮ ನಾಯಿ ಹೆಸರು ಡ್ಯೂಕ್, ಹಾಗಂತ ಅದೇನು ರಾಜಮನೆತನದ್ದಾ?" ಅಂತ ಹಿಂದಿನಿಂದ ಯಾರೋ ಅಂದರು. ಸಭಾಂಗಣವೆಲ್ಲ ಎರಡು ಪಾಲಾಗಿ ಕಿತ್ತಾಡತೊಡಗಿತು.

ತೀರ್ಪುಗಾರ್ತಿ ಮಿಸೆಸ್ ಹೋಲ್ಡನ್ ಕೈಯೆತ್ತಿದರು. "ಹಳೇದಾದ್ರೆ ಬಿಸ್ಕತ್ತು ಮೆತ್ತಗಾಗುತ್ತೆ, ಕೇಕ್ ಗಟ್ಟಿಯಾಗುತ್ತೆ. ಅದೇ ಪರೀಕ್ಷೆ. ಆದ್ರೆ ಇವೆಲ್ಲ ಇವತ್ತು ಮಾಡಿದ್ದು. ಹಳೇದು ಎಲ್ಲಿಂದ ತರೋಣ? ಇರ್ಲಿ ಬಿಡಿ, ಬಿಸ್ಕತ್ತು ಅಂತಲೇ..."

ಆಗ ಕ್ಲಿಫರ್ಡ್ ಕೆಮ್ಮಿದ. ಕೋಟಿನ ಜೇಬಿಗೆ ಕೈಹಾಕಿ ಕಾಗದದಲ್ಲಿ ಸುತ್ತಿದ ಒಂದು ಜಾಫಾ ಕೇಕ್ ತೆಗೆದ. "ಇದು ಗ್ಲೆಂಡಾ ಅವ್ರದ್ದೇ. ಮಂಗಳವಾರದ್ದು, ನಾಲ್ಕು ದಿನ ಆಯ್ತು," ಅಂದ. ಹೆಂಡತಿಯ ಕಪ್ ಉಳಿಸುತ್ತಿದ್ದೇನೆ ಅಂದುಕೊಂಡಿದ್ದ, ಪಾಪ, ಪೆದ್ದ.

ಮಿಸೆಸ್ ಹೋಲ್ಡನ್ ಅದನ್ನು ಮೇಜಿಗೆ ಕುಟ್ಟಿದರು. ಟಕ್ ಅಂದಿತು. "ಕೇಕ್," ಅಂದರು.

"ಏನಯ್ಯಾ ಕ್ಲಿಫರ್ಡ್, ಪಕ್ಕದ ಮನೇಲಿ ಉಪಚಾರ ಜೋರಾ?" ಅಂತ ಗುಂಪಿನಿಂದ ಒಬ್ಬ ಕೂಗಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಗ್ಲೆಂಡಾಳೂ ನಕ್ಕಳು. ಈನಿಡ್ ತಾನು ಗೆದ್ದ ಕಪ್ ಇಸಿದುಕೊಂಡು, ಯಾರಿಗೂ ಥ್ಯಾಂಕ್ಸ್ ಕೂಡ ಹೇಳದೆ ಹೊರಟುಬಂದಳು.

ಮನೆಗೆ ಬಂದು ಕೆಟಲ್ ಇಟ್ಟಳು. "ಎಷ್ಟು ದಿನದಿಂದ ನಡೀತಿದೆ ಇದು?"

"ಏನು ನಡೀತಿದೆ ಮಾರಾಯ್ತಿ? ಬೇಲಿ ರಿಪೇರಿ ಮಾಡಿಕೊಟ್ಟೆ, ಟೀ ಜೊತೆ ಇದನ್ನೂ ಕೊಟ್ಟಳು. ಒಂದು ತಿಂದೆ, ಇನ್ನೊಂದನ್ನ ಆಮೇಲೆ ತಿನ್ನೋಣ ಅಂತ ಜೇಬಿಗೆ ಹಾಕ್ಕೊಂಡೆ. ನಿನ್ನ ಮುಂದೆ ತಿನ್ನೋಕೆ ಧೈರ್ಯ ಬರ್ಲಿಲ್ಲ."

"ಚೆನ್ನಾಗಿತ್ತಾ?"

"ಚೆನ್ನಾಗೇ ಇತ್ತು."

"ನಂದಕ್ಕಿಂತ?"

ಕ್ಲಿಫರ್ಡ್‌ಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಶುಂಠಿ ಬಿಸ್ಕತ್ತನ್ನು ಟೀಯಲ್ಲಿ ಅದ್ದಿ, ತಿಂದು ಮುಗಿಸಿ, ಯೋಚಿಸಿ ಹೇಳಿದ:

"ಅದು ಹೆಂಗೆ ಹೇಳೋದು ಈನಿಡ್? ಅದು ಕೇಕು, ನಿಂದು ಬಿಸ್ಕತ್ತು. ಎರಡನ್ನೂ ಒಂದೇ ಮೇಜಲ್ಲಿ ಇಡಬಾರದು ಅಂತ ಊರ ಮುಂದೆ ಕೂಗಾಡಿದವಳು ನೀನೇ ಅಲ್ವಾ?"

ಈನಿಡ್ ಅವನ ಮುಂದಿದ್ದ ಬಿಸ್ಕತ್ತಿನ ತಟ್ಟೆ ಎತ್ತಿ ಒಳಗಿಟ್ಟಳು. ಗೆದ್ದ ಕಪ್ ಮೇಜಿನ ಮೇಲೆ ಹಾಗೇ ಇತ್ತು, ಅದನ್ನು ಒರೆಸಿ ಎತ್ತಿಡುವ ಮನಸ್ಸೂ ಬರಲಿಲ್ಲ. ಸೋಮವಾರ ಬೆಳಿಗ್ಗೆ ಮಿಸೆಸ್ ಹೋಲ್ಡನ್ ಅವರ ಮನೆಯ ಬಾಗಿಲು ತಟ್ಟಿ, ಬರುವ ವರ್ಷದ ಕೇಕ್ ವಿಭಾಗಕ್ಕೆ ತನ್ನ ಹೆಸರು ಬರೆಸಿ ಬಂದಳು.